ಮೆಟ್ಟಿಲ ಕೆಳಗಿನ ಸ್ವಾಧೀನ

ಬೆಳಗ್ಗೆ ಹತ್ತಕ್ಕೆ ಕಾರ್ಬನ್ ಮಾವ ಕೋರ್ಟಿಗೆ ಬಂದು ನೋಡಿದರೆ ಅವನ ಟೈಪ್‌ರೈಟರಿನ ನೆತ್ತಿಗೇ ನೋಟೀಸು ಅಂಟಿಸಿದ್ದರು. ನಾಳೆ ಸಂಜೆಯೊಳಗೆ ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡತಕ್ಕದ್ದು, ಅಲ್ಲಿಗೆ ಜೆರಾಕ್ಸ್ ಮೆಷಿನ್ ಬರುತ್ತದೆ, ಇಂತಿ ಶಿರಸ್ತೇದಾರ. ನಾಲ್ಕು ಸಾಲಿನ ನೋಟೀಸಿನಲ್ಲಿ ಮೂರು ಕಾಗುಣಿತದ ತಪ್ಪು. ಮಾವನ ಹೊಟ್ಟೆ ಮೊದಲು ಉರಿದದ್ದು ಅದಕ್ಕೆ.

ಮೂವತ್ತೊಂದು ವರ್ಷದಿಂದ ಅವನು ಅದೇ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕೂತು, ಊರವರ ಜಗಳವನ್ನೆಲ್ಲ ಮೂರು ಮೂರು ಪ್ರತಿ ಟೈಪು ಮಾಡಿಕೊಟ್ಟಿದ್ದ. ಕಾರ್ಬನ್ ಹಾಳೆ ಮುಟ್ಟಿ ಮುಟ್ಟಿ ಬೆರಳು ಕಪ್ಪಾಗಿ, ಹೆಸರೂ ಅದೇ ಆಗಿಹೋಗಿತ್ತು. ಕಾನೂನು ಓದಿದವನಲ್ಲ. ಆದರೆ ವಕೀಲರು ಅರ್ಧಕ್ಕೆ ಬಿಟ್ಟ ವಾಕ್ಯಗಳನ್ನು ತಾನೇ ಮುಗಿಸಿ ಮುಗಿಸಿ, ಕಾನೂನು ತಲೆಗೆ ಹತ್ತದಿದ್ದರೂ ಬೆರಳಿಗೆ ಹತ್ತಿತ್ತು.

"ಎಲ್ಲಿಗೆ ಹೋಗ್ಲಿ ಸಾರ್?" ಎಂದು ಶಿರಸ್ತೇದಾರನ ಮೇಜಿನ ಮುಂದೆ ನಿಂತು ಕೇಳಿದ.

"ಎಲ್ಲಿಗಾದ್ರೂ ಹೋಗು. ಜಾಗ ಏನು ನಿಮ್ಮಪ್ಪಂದಾ?"

ಮಾವ ಕೆಳಗಿಳಿದು ಬಂದು ಟೈಪ್‌ರೈಟರಿಗೆ ಹಾಳೆ ಏರಿಸಿದ. ಸರ್ಕಾರದ ಜಾಗವೇ ಆದರೂ, ಯಾರ ಅಪ್ಪಣೆಯೂ ಇಲ್ಲದೆ, ಎಲ್ಲರ ಕಣ್ಣೆದುರಿಗೇ, ತನ್ನದೇ ಎಂಬಂತೆ ಮೂವತ್ತು ವರ್ಷ ಜಮಾಯಿಸಿ ಕೂತವನಿಗೆ ಅದು ಸೇರಿಬಿಡುತ್ತದೆ. ಪ್ರತಿಕೂಲ ಸ್ವಾಧೀನ ಅಂತ ಅದಕ್ಕೆ ಗಂಭೀರವಾದ ಹೆಸರು. ಎಷ್ಟೋ ಜನರಿಗೆ ಈ ದಾವೆ ಟೈಪು ಮಾಡಿಕೊಟ್ಟಿದ್ದ. ವಾದಿಯ ಜಾಗದಲ್ಲಿ ತನ್ನ ಹೆಸರು ಒತ್ತುವಾಗ ಮಾತ್ರ ಎರಡು ಅಕ್ಷರ ಹಿಂದುಮುಂದಾದವು.

ತುರ್ತು ಅರ್ಜಿ, ಮಧ್ಯಾಹ್ನವೇ ಕೂಗಿದರು. ಜಡ್ಜಮ್ಮ ಬಂದು ಆರು ತಿಂಗಳಾಗಿತ್ತಷ್ಟೆ. ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಕನ್ನಡಕ ತೆಗೆದರು.

"ನಿಮ್ಮ ವಕೀಲರು ಯಾರು?"

"ಯಾರೂ ಇಲ್ಲ ಮೇಡಂ."

"ವಕೀಲರಿಲ್ಲದೆ ಇಷ್ಟು ಚೆನ್ನಾಗಿ ಬಂತಾ?"

"ವಕೀಲರಿಲ್ಲದ್ದಕ್ಕೇ ಬಂತು ಮೇಡಂ."

ಮುಂದಿನ ಸಾಲಿನ ಕರಿಕೋಟುಗಳಿಗೆಲ್ಲ ಒಟ್ಟಿಗೇ ಕೆಮ್ಮು ಬಂತು. ಜಡ್ಜಮ್ಮ ಮಾವನನ್ನು ಕಟಕಟೆಗೆ ಹತ್ತಿಸಿ, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು.

"ಒಂದೇ ಪ್ರಶ್ನೆ. ಅಲ್ಲಿ ಕೂತ್ಕೋ ಅಂತ ನಿಮಗೆ ಯಾರಾದ್ರೂ ಅನುಮತಿ ಕೊಟ್ಟಿದ್ರಾ?"

ಆ ಪ್ರಶ್ನೆಯ ಹೊಟ್ಟೆಯಲ್ಲಿ ಏನಿದೆ ಅಂತ ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಇಲ್ಲ ಅಂದರೆ ಜಾಗ ಅವನದು. ಹೌದು ಅಂದರೆ ಅವನು ಬರೀ ನೆಂಟ, ಯಾವಾಗ ಬೇಕಾದರೂ ಎದ್ದು ಹೋಗು ಅನ್ನಬಹುದು. ಕಾಗದವಿಲ್ಲ, ಸಾಕ್ಷಿಯಿಲ್ಲ. ಅವನು ಬಂದು ಕೂತ ಕಾಲಕ್ಕೆ ಈ ಶಿರಸ್ತೇದಾರ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಬೇಕು. 'ಇಲ್ಲ' ಅಂದುಬಿಟ್ಟರೆ ಮುಗಿಯಿತು. ಸಾವಿರಾರು ಸುಳ್ಳು ಪ್ರಮಾಣಪತ್ರಗಳನ್ನು ಕಣ್ಣು ಮಿಟುಕಿಸದೆ ಟೈಪು ಮಾಡಿದ ಕೈ ಅದು.

ಆದರೆ ಅವೆಲ್ಲ ಬೇರೆಯವರ ಸುಳ್ಳು. ಮೊದಲ ವಾರ ಅವನು ಗೇಟಿನ ಹೊರಗೆ ರಣಬಿಸಿಲಲ್ಲಿ ಕೂತಿದ್ದಾಗ ಗಾಳಿಗೆ ಹಾಳೆಗಳೆಲ್ಲ ರಸ್ತೆಪಾಲಾಗಿದ್ದವು. ಆಗಿನ ಜಡ್ಜ್ ಸಾಹೇಬರು ಕಾರಿಂದಿಳಿದು, ಬಗ್ಗಿ ಬಗ್ಗಿ ಹಾಳೆ ಆರಿಸಿಕೊಟ್ಟು, "ಒಳಗೆ ಬಂದು ಮೆಟ್ಟಿಲ ಕೆಳಗೆ ಕೂತ್ಕೊಳಯ್ಯ. ಯಾರಾದ್ರೂ ಕೇಳಿದ್ರೆ ನಾನು ಹೇಳಿದೀನಿ ಅನ್ನು" ಅಂದಿದ್ದರು. ಮೂವತ್ತೊಂದು ವರ್ಷ ಯಾರೂ ಕೇಳಿರಲಿಲ್ಲ. ಈಗ ಕೇಳಿದ್ದರು.

"ಕೊಟ್ಟಿದ್ರು ಮೇಡಂ," ಅಂದ ಮಾವ. "ಹಳೇ ಜಡ್ಜ್ ಸಾಹೇಬ್ರು. ಈಗಿಲ್ಲ ಅವರು."

ಹಿಂದಿನ ಬೆಂಚಿನಲ್ಲಿ ಯಾರೋ ವಕೀಲರು ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಕಳ್ಳನ ಹಾಗೆ ಕೂತಿದ್ದರೆ ಮಾಲೀಕ ಆಗುತ್ತಿದ್ದವನು, ಮರ್ಯಾದಸ್ಥನ ಹಾಗೆ ಕೂತಿದ್ದೆ ಎಂದು ತಾನೇ ಬಾಯಿಬಿಟ್ಟು ಕೆಟ್ಟಿದ್ದ.

ಶಿರಸ್ತೇದಾರ ಕುರ್ಚಿಯಿಂದ ಜಿಗಿದೇ ಎದ್ದ. "ಅವನೇ ಒಪ್ಕೊಂಡ್ನಲ್ಲ ಮೇಡಂ! ವಜಾ ಮಾಡಿ!"

"ಕೂತ್ಕೊಳ್ಳಿ. ಈ ಕಟ್ಟಡ ಯಾರ ಸುಪರ್ದಿನಲ್ಲಿದೆ?"

"ತಮ್ಮ ಸುಪರ್ದಿನಲ್ಲೇ ಮೇಡಂ."

"ನೋಟೀಸು ಯಾರ ಪರವಾಗಿ ಕೊಟ್ರಿ?"

"ತಮ್ಮ ಪರವಾಗೇ."

"ಅಂದ್ರೆ ಇದರಲ್ಲಿ ಪ್ರತಿವಾದಿ ನಾನು. ನನ್ನ ಕೇಸಿಗೆ ನಾನೇ ಜಡ್ಜಾ? ಅದಿರ್ಲಿ, ಎಬ್ಬಿಸೋ ಮೊದಲು ಅವರ ಮಾತು ಏನು ಅಂತ ಒಂದು ಸಲ ಕೇಳಿದ್ರಾ?"

"ಕೇಳಿದೆ ಮೇಡಂ."

"ಏನು ಕೇಳಿದ್ರಿ?"

ತಾನು ಕೇಳಿದ್ದು ಮಾವನ ಅಪ್ಪನ ವಿಷಯ ಎಂದು ನೆನಪಾಗಿ ಶಿರಸ್ತೇದಾರ ಮುಂದಿದ್ದ ಫೈಲು ಮಗುಚತೊಡಗಿದ. ಜಡ್ಜಮ್ಮ ಆದೇಶ ಹೇಳಿ ಬರೆಸಿದರು: ಕೇಸು ಬೇರೆ ನ್ಯಾಯಾಲಯಕ್ಕೆ ಹೋಗಲಿ, ಕೊನೆಯ ತೀರ್ಪು ಬರುವವರೆಗೆ ಎಲ್ಲರೂ ಎಲ್ಲವೂ ಇದ್ದಲ್ಲೇ ಇರತಕ್ಕದ್ದು.

ಒಂದು ವಾರದ ಮೇಲೆ ಶಿರಸ್ತೇದಾರ ಮೆಟ್ಟಿಲ ಕೆಳಗೆ ಬಗ್ಗಿ ನಿಂತ. ಕಚೇರಿಯ ಟೈಪಿಸ್ಟು ಹೆರಿಗೆ ರಜೆಯಲ್ಲಿದ್ದಳು. ಜೆರಾಕ್ಸ್ ಮೆಷಿನ್ ಇಡಲು ಜಾಗವಿಲ್ಲದೆ ಡಬ್ಬಿಯೊಳಗೇ ಇತ್ತು. ದಾವೆಗೆ ಉತ್ತರ ಸಲ್ಲಿಸಲು ಮಾರನೆಯ ದಿನವೇ ಕಡೆ.

"ಮೂರು ಪ್ರತಿ ಬೇಕಾಗಿತ್ತು," ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ, ಕೈಬರಹದ ಹಾಳೆಯೊಂದನ್ನು ಮುಂದೆ ಚಾಚಿದ.

ವಾದಿಯು ಅತಿಕ್ರಮಣಕಾರ, ಹಠಮಾರಿ, ಸಾರ್ವಜನಿಕರಿಗೆ ಅಡಚಣೆ. ತನ್ನ ಬಗ್ಗೆ ಬರೆದದ್ದನ್ನೆಲ್ಲ ಮಾವ ನಿಧಾನವಾಗಿ ಓದಿ, ಹಾಳೆ ಮಗುಚಿ, ಹಿಂದೆ ಏನೂ ಇಲ್ಲದ್ದನ್ನು ಕಂಡು ತಲೆಯಾಡಿಸಿದ.

"ಒಂದೇ ಪುಟನಾ ಸಾರ್? ಹೀಗೆ ಕೊಟ್ರೆ ಕೇಸು ಆರು ತಿಂಗಳಿಗೇ ಮುಗಿದುಹೋಗತ್ತೆ. ಕೂತ್ಕೊಳ್ಳಿ, ನಿಮ್ಮ ಕಡೆಯಿಂದ ಇನ್ನೊಂದು ಹದಿನೈದು ಆಕ್ಷೇಪಣೆ ಸೇರಿಸಿ ಕೊಡ್ತೀನಿ."