ಅಪ್ಪನ ಒಪ್ಪಿಗೆ

ಸತ್ತವರ ದನಿ ಒಂಬತ್ತು ದಿನ ಮನೆಯಲ್ಲಿ ಉಳಿಯುತ್ತದೆ. ಅಷ್ಟರೊಳಗೆ ಅವರ ಬದುಕಿನ ಬಗ್ಗೆ ಬರೆದ ಪುಟಕ್ಕೆ ಅವರದೇ ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದರೆ ಊರಿನ ನೆನಪಿನ ಪುಸ್ತಕದಲ್ಲಿ ಆ ಪುಟ ಖಾಲಿಯೇ ಇರುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ಎರಡನೆಯ ದಿನವೇ ಮುಗಿಸುತ್ತಾರೆ. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಪ್ಪ ಮಾತ್ರ ಒಂಬತ್ತನೆಯ ದಿನ ಹನ್ನೊಂದೂಮುಕ್ಕಾಲಾದರೂ ತಿದ್ದಿಸುತ್ತಲೇ ಇದ್ದರು. ಮಧ್ಯಾಹ್ನ ಹನ್ನೆರಡಕ್ಕೆ ದನಿ ನಿಲ್ಲಲಿತ್ತು.

“‘ಶ್ರೇಷ್ಠ ವಿಜ್ಞಾನಿ’ ಅನ್ನೂದನ್ನ ಹೊಡದು ಹಾಕು, ಶಾಂಭವಿ,” ಎಂದಿತು ಅವರ ಖಾಲಿ ಕುರ್ಚಿ. “ಯಾರು ಅಳತಿ ಮಾಡಿ ನೋಡ್ಯಾರ?”

ಹೊಡೆದು ಹಾಕಿದೆ. ಅದು ಹದಿನೇಳನೆಯ ಕರಡು.

“‘ದಿನಾ ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದರು.’ ಇದಕ್ಕರ ಹೂಂ ಅನ್ರಿ, ಅಪ್ಪಾ.”

“‘ದಿನಾ’ ಅನ್ನೂದು ತಪ್ಪು.”

ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. “ಸತ್ತರೂ ನಿಮ್ಮ ತಕರಾರು ಸಾಯಲಿಲ್ಲಲ್ರೀ! ಯಾವತ್ತ ತಪ್ಪಿಸೀರಿ?”

“ಶಾಂಭವಿಗೆ ಐದು ತುಂಬಿದ ದಿನ. ಲ್ಯಾಬಿನ್ಯಾಗ ರೀಡಿಂಗ್ ತಗೋತಿದ್ದೆ. ಬಂದಾಗ ಆಕಿ ಕಾದು ಕಾದು ಹೊಸ್ತಿಲ ಮ್ಯಾಲೇ ಮಲಗಿದ್ಲು.”

ನನಗದು ನೆನಪೇ ಇರಲಿಲ್ಲ. ಅವ್ವ ಕುರ್ಚಿಯ ಹತ್ತಿರ ಬಂದು ಕೇಳಿದಳು:

“ಮತ್ತ ಯಾವತ್ತ?”

“ಮತ್ತ ಯಾವತ್ತೂ ಇಲ್ಲ.”

ಇನ್ನು ಎರಡೇ ನಿಮಿಷ. ಅವ್ವ ನನ್ನ ಕೈಯಿಂದ ಪೆನ್ನು ಕಸಿದುಕೊಂಡು, ಹಿಟ್ಟಿನ ಕೈಯಲ್ಲೇ ಬರೆದು, ಗಟ್ಟಿಯಾಗಿ ಓದಿದಳು: “ಮೂವತ್ತೆರಡು ವರ್ಷ, ಒಂದೇ ಒಂದು ಸಂಜೆಯ ಹೊರತು, ಆರಕ್ಕೆ ಮನೆಗೆ ಬಂದರು.”

“ಆರೂ ಹತ್ತಕ್ಕ,” ಎಂದಿತು ಕುರ್ಚಿ.

ಅವ್ವ ಹಲ್ಲು ಕಚ್ಚಿ ತಿದ್ದಿದಳು.

“ಈಗ ಬರೋಬರಿ ಆತು. ಒಪ್ಪಿದೆ.”