ನಿಲ್ಲಿಸುವ ಬಟನ್

ಊಟಿಯ ಡಿಶ್ ಅಂಗಡಿಯ ಟಿವಿಯಲ್ಲಿ ಬ್ಯಾಟ್ ಎತ್ತಿದವನು ಎತ್ತಿದಂತೆಯೇ ನಿಂತುಬಿಟ್ಟ. ಅವನ ಕೆನ್ನೆಯ ಬೆವರ ಹನಿಯೂ ಸ್ಪಷ್ಟವಾಗಿ ಕಾಣುತ್ತಿತ್ತು.

“ಎಚ್‌ಡಿ ಬಾಕ್ಸ್ ಇದ್ರೆ ಸಾಕಪ್ಪ,” ಎಂದ ಗುರುಮಲ್ಲಪ್ಪ, ಅಂಗಡಿಯ ನಿರಂಜನನಿಗೆ. “ಓಡೋದನ್ನ ನಿಲ್ಸೋದು, ರೆಕಾರ್ಡ್ ಮಾಡೋದು ನಮಗ್ಯಾಕೆ? ಟೀ ಫ್ಯಾಕ್ಟ್ರಿಗೆ ನಮ್ ತೋಟದ ಲೀಫ್ ಹಾಕಿ ಬಂದ್ಮೇಲೆ ಗಂಡ ಹೆಂಡ್ತಿ ಇಬ್ರೂ ಮನೇಲೇ ಇರ್ತೀವಲ್ಲ.”

“ಕೈಯಲ್ಲಿ ಹಿಡ್ದು ನೋಡಿ ಅಣ್ಣಾ,” ಎಂದು ನಿರಂಜನ ರಿಮೋಟ್ ಕೊಟ್ಟು ಧಾರಾವಾಹಿ ಹಾಕಿದ. ಸೊಸೆಯೊಬ್ಬಳು ಕೋಣೆಯೊಂದರ ಬಾಗಿಲ ಬೀಗಕ್ಕೆ ಕೀಲಿಕೈ ತೂರಿಸುತ್ತಿದ್ದಳು. ಗಂಡನ ಪಕ್ಕದಲ್ಲಿದ್ದ ಸಿದ್ದಾಜಮ್ಮ ಕುರ್ಚಿಯ ತುದಿಗೆ ಸರಿದಳು. “ಆ ಕೋಣೇಲಿ ಏನಿದೆ ಅಂತ ನಂಗಿನ್ನೂ ಗೊತ್ತೇ ಆಗಿಲ್ಲ,” ಎಂದಳು.

ಅಷ್ಟರಲ್ಲಿ ಪಕ್ಕದ ಹೋಟೆಲಿನಿಂದ ಟೀ ಬಂತು. ಯಾರೂ ಹೇಳದಿದ್ದರೂ ಸಿದ್ದಾಜಮ್ಮನೇ ಎದ್ದು ತಟ್ಟೆ ಇಸಿದುಕೊಂಡು, ಮೊದಲು ಗಂಡನಿಗೆ, ಆಮೇಲೆ ಬೆಂಚಿನ ಮೇಲಿದ್ದ ಗಿರಾಕಿಗಳಿಗೆಲ್ಲ ಲೋಟ ಕೊಡುತ್ತ ಹೋದಳು. ಟಿವಿಯ ಕಡೆಗೆ ಅವಳ ಬೆನ್ನಿತ್ತು, ಕಿವಿ ಮಾತ್ರ ಅಲ್ಲೇ ಇತ್ತು. ಧಾರಾವಾಹಿಯಲ್ಲಿ ಆ ಕೋಣೆಯ ಬಾಗಿಲು ಕಿರ್ರೆಂದಿತು.

ಗುರುಮಲ್ಲಪ್ಪನ ತುಟಿಯವರೆಗೆ ಬಂದ ಲೋಟ ಅಲ್ಲೇ ನಿಂತಿತು. ಮನೆಯಲ್ಲೂ ಈ ಧಾರಾವಾಹಿಯ ಹೊತ್ತಿಗೇ ದಿನಾ ಅವನಿಗೆ ಟೀ ಬರುತ್ತಿತ್ತು.

“ನಿಲ್ಸೋದು ಯಾವ ಬಟನ್ನಪ್ಪ?” ಎಂದು ರಿಮೋಟ್ ತಡಕಾಡಿದ. “ಬೇಗ ಹೇಳು. ಅವಳು ಬಂದು ಕೂತ್ಕೊಳ್ಳಲಿ.”