ಬಾಣಂತಿಯ ತಲೆಬಟ್ಟೆ

ಬಾಣಂತಿಯರ ಬಾಯಿಂದ ಬಾಯಿಗೆ ಬಂದ ಕಥೆಯಿದು. ಮೂರನೆಯ ಹೆಣ್ಣುಮಗುವನ್ನು ಹೆತ್ತವಳು, ಇನ್ನೊಂದು ಹೆರಿಗೆಯಾದರೆ ತಾನುಳಿಯೆನೆಂದು ಹೆದರಿ, ಆಸ್ಪತ್ರೆಯ ಸಲಹೆಗಾರ್ತಿಗೆ ಗುಟ್ಟಾಗಿ ಫೋನ್ ಮಾಡಿದ್ದಳು.

"ಬಸಿರಾಗ್ದಂಗೆ ಸೂಜಿ ಐತಂತಲ್ಲಕ್ಕಾ, ಎಲ್ಲಿ ಹಾಕ್ತಾರೆ?"

ಅಷ್ಟರಲ್ಲಿ ಗಂಡ ಒಳನುಗ್ಗಿದ. ಜುಟ್ಟು ಹಿಡಿದು ಅವಳನ್ನು ಗೋಡೆಗೆ ಅಪ್ಪಳಿಸಿದ. ಫೋನನ್ನು ಒರಳುಕಲ್ಲಿಗೆ ಬಡಿದು ಪುಡಿಮಾಡಿದ.

"ಗಂಡು ಹೆರೋಗಂಟ ನಿನ್ನ ಬಿಡಾಕಿಲ್ಲ!"

ಅತ್ತೆ ಧಾವಿಸಿ ಬಂದಳು. "ಮೂದೇವಿ, ಕಿವಿಗೆ ಗಾಳಿ ಬಿಟ್ಕೊಂಡು ಕುಂತವ್ಳೆ!" ಎಂದು ಗದರಿ, ಸೊಸೆಯ ತಲೆಗೆ ಬಟ್ಟೆ ಸುತ್ತತೊಡಗಿದಳು.

"ಬಿಗಿಯಾಗಿ ಕಟ್ಟವ್ವಾ, ಯಾರ ಮಾತೂ ಕಿವಿಗೆ ಬೀಳಬಾರ್ದು," ಎಂದು ನಕ್ಕು ಗಂಡ ಹೊರನಡೆದ.

ರಕ್ತ ಸೋರುತ್ತಿದ್ದ ಕಿವಿಯ ಮೇಲೆ, ಬಟ್ಟೆಯ ಮಡಿಕೆಯೊಳಗಿದ್ದ ಅತ್ತೆಯ ಫೋನು ಮೆಲ್ಲನೆ ಉಸುರಿತು: "ನಿಮ್ಮತ್ತೆಯೋರೇ ಫೋನ್ ಮಾಡಿಕೊಟ್ಟವ್ರೆ. ಎಲ್ಲಿಗೆ ನಿಲ್ಸಿದ್ವಿ, ಹೇಳವ್ವಾ?"